ಕೂಸು, ಕಾಯಕ ಹಾಗೂ ಗಡಿಯಾರ

ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ. ಅದು ಕೆಟ್ಟು ಹಾಗಾದದ್ದಲ್ಲ. ಮಗಳು ಹುಟ್ಟಿದ ಮೇಲೆ ನಾವೇ ಮುಳ್ಳನ್ನು ಮುಂದಕ್ಕೆ ತಿರುಗಿಸಿ ಇಟ್ಟದ್ದು. ಮುಂದಿದೆಯೆಂಬ ಸಂಗತಿ ಇಬ್ಬರಿಗೂ ತಿಳಿದಿರುವುದರಿಂದ ಅದರಿಂದ ಕಾಸಿನ ಪ್ರಯೋಜನವೂ ಇಲ್ಲ. ‘ಇನ್ನೂ ಹತ್ತು ನಿಮಿಷ ಇದೆಯಲ್ಲ’ ಎಂದು ಮನಸ್ಸಿನಲ್ಲಿಯೇ ಕಳೆದುಕೊಂಡು, ಎಂದಿನಷ್ಟೇ ತಡವಾಗಿ ಹೊರಡುತ್ತೇವೆ. ಆದರೂ ಅದನ್ನು ಸರಿಪಡಿಸುವ ಧೈರ್ಯ ಇಂದಿನವರೆಗೆ ಬಂದಿಲ್ಲ.

ಈ ಬರಹದಲ್ಲಿ ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ. ಲೇಖನಿ ಹಿಡಿದವರು ಒಬ್ಬರಾದರೂ ಪ್ರತಿಯೊಂದು ಪುಟವನ್ನೂ ಇನ್ನೊಬ್ಬರು ಓದಿ ತಿದ್ದಿದ್ದೇವೆ. ಒಂದೆರಡು ಕಡೆ ಜಗಳವೂ ಆಗಿದೆ. ಎಲ್ಲಿ ಎಂಬುದನ್ನು ಓದುಗ ಬಂಧುಗಳು ಊಹಿಸಬಹುದು. ಧಾರವಾಡದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ಇಬ್ಬರ ನೌಕರಿಯೂ ಹುಬ್ಬಳ್ಳಿಯಲ್ಲಿ. ನಮ್ಮಲ್ಲಿ ತಂದೆಯಾದವನದು ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಗುಮಾಸ್ತಿಕೆ. ತಾಯಿಯಾದವಳದು ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮಗಳಿಗೆ ಈಗ ಎರಡೂವರೆ ವರ್ಷ.

ಬೆಳಗಿನ ಐದಕ್ಕೆ ನಮ್ಮ ದಿನ ಆರಂಭವಾಗುತ್ತದೆ. ನೀರು ಬರುವ ದಿನವಾದರೆ ಒಬ್ಬರು ನಳದ ಬಳಿ, ಇನ್ನೊಬ್ಬರು ಒಲೆಯ ಮುಂದೆ. ಮೂರು ಡಬ್ಬಿ ಕಟ್ಟಬೇಕು: ಎರಡು ನಮಗೆ, ಒಂದು ಕೂಸಿಗೆ. ನಮ್ಮವು ರೊಟ್ಟಿ, ಪಲ್ಯ, ಶೇಂಗಾ ಹಿಂಡಿಯಲ್ಲಿ ಮುಗಿಯುತ್ತವೆ. ಕೂಸಿನ ಡಬ್ಬಿಯದೇ ಯೋಚನೆ. ನಿನ್ನೆ ಬೆರಳು ನೆಕ್ಕುತ್ತ ತಿಂದ ಬೇಳೆ ಅನ್ನವನ್ನು ಇಂದು ಮೂಸಿಯೂ ನೋಡದಿರುವ ಸ್ವಾತಂತ್ರ್ಯ ಆಕೆಗುಂಟು. ಕೆಲಸದ ದಿನ ಏಳಾದರೂ ಎಬ್ಬಿಸಿದರೆ ಏಳದ ಮಗು ಭಾನುವಾರ ಐದಕ್ಕೇ ಎದ್ದು ನಮ್ಮ ಕಣ್ಣರೆಪ್ಪೆಗಳನ್ನು ಬೆರಳಿನಿಂದ ಬಿಡಿಸುತ್ತದೆ. ಒಂದು ಕಾಲಿಗೆ ಕಾಲುಚೀಲ ಹಾಕುವಷ್ಟರಲ್ಲಿ ಇನ್ನೊಂದು ಕಾಲಿನದು ಮಾಯವಾಗಿರುತ್ತದೆ. ಮನೆಗೆ ಬೀಗ ಹಾಕಿ ಮೆಟ್ಟಿಲು ಇಳಿದ ಕೂಡಲೇ ‘ಶೀ’ ಎನ್ನುತ್ತದೆ. ಬೀಗ ತೆಗೆಯಬೇಕು, ತೊಳೆಯಬೇಕು, ಉಡುಪು ಬದಲಿಸಬೇಕು, ಪುನಃ ಬೀಗ. ಮುಂದಿಟ್ಟ ಹತ್ತು ನಿಮಿಷವೆಲ್ಲ ಆ ಒಂದು ಅಕ್ಷರಕ್ಕೆ ಸಂದಾಯವಾಗುತ್ತದೆ.

ಎಂಟೂಕಾಲಿಗೆ ಕೂಸನ್ನು ಶಿಶುವಿಹಾರದಲ್ಲಿ ಬಿಟ್ಟು ಜ್ಯುಬಿಲಿ ವೃತ್ತಕ್ಕೆ ನಡೆದು ಬಸ್ಸು ಹಿಡಿಯುತ್ತೇವೆ. ೨೦೧೮ರಲ್ಲಿ ಎರಡು ಊರುಗಳ ನಡುವೆ ‘ಚಿಗರಿ’ ಬಸ್ಸುಗಳು ಪ್ರತ್ಯೇಕ ಪಥದಲ್ಲಿ ಓಡಲಾರಂಭಿಸಿದ ಮೇಲೆ ಆ ಇಪ್ಪತ್ತು ಕಿಲೋಮೀಟರು ಮೊದಲಿನಷ್ಟು ದೂರವೆನಿಸುವುದಿಲ್ಲ. ದಿನದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತುಕೊಳ್ಳುವುದು ಆ ಬಸ್ಸಿನಲ್ಲಿ ಮಾತ್ರ. ಉಣಕಲ್ಲ ಕೆರೆ ಬರುವಷ್ಟರಲ್ಲಿ ಒಬ್ಬರಾದರೂ ನಿದ್ದೆ ಹೋಗಿರುತ್ತೇವೆ.

ನಮ್ಮ ಹಿರಿಯರಿಗೆ ಇದೆಲ್ಲ ಸ್ವಲ್ಪ ನಗೆಯ ವಿಷಯ. ನವಲಗುಂದ ತಾಲೂಕಿನ ಎರೆ ಭೂಮಿಯ ಹಳ್ಳಿಯಲ್ಲಿ ಐದು ಮಕ್ಕಳನ್ನು ಹೆತ್ತು ಸಾಕಿದ ಅವ್ವ, ಅಂದರೆ ನಮ್ಮಲ್ಲಿ ತಂದೆಯಾದವನ ತಾಯಿ, ‘ಐದು ಮಂದಿನ್ನ ಹಡದು ನಾವು ಹೊಲಕ್ಕ ಹೋಗಲಿಲ್ಲೇನು? ನಿಮಗೊಂದು ಕೂಸು ಭಾರ ಆತೇನು?’ ಎಂದು ಕೇಳಿದರು. ಕೇಳಿದ್ದರಲ್ಲಿ ಕುಹಕವಿರಲಿಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಮಗೂ ತಕ್ಷಣ ಉತ್ತರ ತೋಚಲಿಲ್ಲ. ಆಮೇಲೆ ಬಸ್ಸಿನಲ್ಲಿ ಕುಳಿತು ಯೋಚಿಸಿದೆವು. ಅವ್ವ ಹೊಲಕ್ಕೆ ಹೋಗುವಾಗ ಕೂಸನ್ನೂ ಕರೆದೊಯ್ಯುತ್ತಿದ್ದರು. ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ, ಒಂದು ಸಾಲು ಕಳೆ ಕಿತ್ತು ಬಂದು ಹಾಲು ಕುಡಿಸಿ ತಿರುಗಿ ಹೋಗುತ್ತಿದ್ದರು. ಕಷ್ಟವಿತ್ತು, ಬಿಸಿಲಿತ್ತು, ಹಾವು ಚೇಳುಗಳ ಭಯವಿತ್ತು. ಆದರೆ ಕೂಸಿದ್ದಲ್ಲಿ ಕೆಲಸವಿತ್ತು, ಕೆಲಸವಿದ್ದಲ್ಲಿ ಕೂಸಿತ್ತು. ನಮ್ಮ ಕಚೇರಿಗಳಲ್ಲಿ ಜೋಳಿಗೆ ಕಟ್ಟಲು ಮರವಿಲ್ಲ.

ಇನ್ನೊಂದು ಮಾತನ್ನು ಅವ್ವ ಹೇಳಲಿಲ್ಲ, ನಾವೇ ನೆನಪಿಸಿಕೊಂಡೆವು. ಮೂರನೆಯ ಕೂಸು ಹುಟ್ಟುವ ಹೊತ್ತಿಗೆ ಮರದ ಕೆಳಗೆ ಕಾಯಲು ಹಿರಿಯ ಮಗಳಿದ್ದಳು. ಆಕೆ, ನಮ್ಮ ಮನೆಯ ದೊಡ್ಡಕ್ಕ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟರು. ಇಂದಿಗೂ ಬಸ್ಸಿನ ಫಲಕ ಓದಲು ಪಕ್ಕದವರನ್ನು ಕೇಳುತ್ತಾರೆ. ಆಕೆ ಎತ್ತಿ ಆಡಿಸಿದ ತಮ್ಮ ಪದವೀಧರನಾಗಿ, ಈಗ ಈ ಬರಹದ ‘ನಾವು’ವಿನಲ್ಲಿ ಅರ್ಧವಾಗಿದ್ದಾನೆ. ಹಿಂದಿನವರು ಸುಲಭವಾಗಿ ಮಕ್ಕಳನ್ನು ಬೆಳೆಸಿದರೆಂದು ಯಾರಾದರೂ ಹೇಳಿದಾಗಲೆಲ್ಲ ನಮಗೆ ದೊಡ್ಡಕ್ಕನ ನೆನಪಾಗುತ್ತದೆ. ೨೦೨೩ರಲ್ಲಿ ರಾಜ್ಯ ಸರ್ಕಾರವು ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಪ್ರಕಟಿಸಿದಾಗ ದೊಡ್ಡಕ್ಕ, ‘ನಮ್ಮ ಕಾಲಕ್ಕ ಯಾಕ ಮಾಡಲಿಲ್ಲ’ ಎಂದಷ್ಟೇ ಅಂದರು.

ಹಾಗೆಂದು ಕಾನೂನು ನಮ್ಮನ್ನು ಮರೆತಿದೆಯೆಂದಲ್ಲ. ಹೆರಿಗೆಯ ಸವೇತನ ರಜೆ ಮೊದಲು ೧೨ ವಾರಗಳಷ್ಟೇ ಇದ್ದದ್ದು ೨೦೧೭ರ ತಿದ್ದುಪಡಿಯಿಂದ ೨೬ ವಾರಗಳಾಯಿತು. ಐವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿಬರಬಹುದು ಎಂದೂ ಅದರಲ್ಲಿ ಸೇರಿತು. ನಮ್ಮಲ್ಲಿ ತಾಯಿಯಾದವಳ ಸಂಸ್ಥೆಯಲ್ಲಿರುವವರು ಮೂವತ್ತೆರಡು ಜನ. ಇನ್ನು ಹದಿನೆಂಟು ಜನರನ್ನು ಎಲ್ಲಿಂದ ತರೋಣ?

ತಂದೆಯಾದವನಿಗೆ ದೊರೆತ ಪಿತೃತ್ವ ರಜೆ ೧೫ ದಿನ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ೨೦೦೮ರಿಂದ ಮಕ್ಕಳ ಪಾಲನೆಗೆಂದು ಇಡೀ ಸೇವೆಯಲ್ಲಿ ೭೩೦ ದಿನಗಳ ರಜೆಯಿದೆ. ೨೦೧೮ರಲ್ಲಿ ಅದನ್ನು ಒಂಟಿ ತಂದೆಯರಿಗೂ ವಿಸ್ತರಿಸಿದರು. ಅಂದರೆ ಆ ರಜೆಯಿರುವ ಇಲಾಖೆಯಲ್ಲಿ ನಮ್ಮ ಮನೆಯ ಗಂಡಸು ಇದ್ದಾನೆ. ಆ ರಜೆಗೆ ಅರ್ಹಳಾಗುತ್ತಿದ್ದ ಹೆಂಗಸು ಬೇರೆಡೆ ಇದ್ದಾಳೆ. ನೌಕರಿಗಳನ್ನು ಅದಲುಬದಲು ಮಾಡಿಕೊಂಡಿದ್ದರೆ ಚೆನ್ನಾಗಿತ್ತೆಂದು ಒಮ್ಮೆ ನಕ್ಕೆವು. ಹೆಂಡತಿ ಇರುವವರೆಗೆ ಗಂಡನಿಗೆ ಕೂಸು ನೋಡುವ ಕೆಲಸವೇನಿದೆ ಎಂಬ ನಂಬಿಕೆ ನಿಯಮಾವಳಿಯ ಪುಟದಲ್ಲಿಯೂ ಇದೆಯಲ್ಲ ಎಂದು ಆಕೆ ಅಂದಾಗ ನಗು ನಿಂತಿತು.

ಇಪ್ಪತ್ತಾರು ವಾರಗಳೆಂದರೆ ಆರು ತಿಂಗಳು. ಆರು ತಿಂಗಳವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡವೆಂದು ವೈದ್ಯರೂ ಹೇಳುತ್ತಾರೆ. ಲೆಕ್ಕ ಸರಿಯಾಗಿದೆಯೆಂದು ತೋರುತ್ತದೆ. ಆದರೆ ಕಾಲುಗಳು ಬಾತು ನಡೆಯಲಾಗದ್ದರಿಂದ ಹೆರಿಗೆಗೆ ಮೂರು ವಾರ ಮೊದಲೇ ರಜೆ ಹಾಕಬೇಕಾಯಿತು. ಆ ಮೂರು ವಾರ ಕೂಸಿನ ಪಾಲಿನಿಂದ ಕಳೆದುಹೋದವು. ಏಪ್ರಿಲ್ ತಿಂಗಳ ನಡುವೆ, ಕೂಸಿಗೆ ಐದು ತಿಂಗಳು ತುಂಬಿ ಕೆಲವು ದಿನಗಳಾಗಿದ್ದಾಗ, ತಾಯಿ ತಿರುಗಿ ಕೆಲಸಕ್ಕೆ ಹೋದಳು. ಅವ್ವ ಹಳ್ಳಿಯಿಂದ ಬಂದು ನಾಲ್ಕು ತಿಂಗಳು ನಿಂತರು.

ಅವ್ವ ಇದ್ದ ಆ ನಾಲ್ಕು ತಿಂಗಳು ಮನೆಗೆ ಮನೆಯ ಕಳೆ ಇತ್ತು. ಸ್ನಾನ, ಶಿವಪೂಜೆ ಮುಗಿಯದೆ ಅವರು ತೊಟ್ಟು ನೀರೂ ಮುಟ್ಟುವವರಲ್ಲ. ಎರಡೇ ಕೋಣೆಯ ಮನೆಯಲ್ಲಿ ಪೂಜೆಗೆ ಬೇರೆ ಸ್ಥಳವೆಲ್ಲಿ? ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡು ಅವರು ಕುಳಿತರೆ, ಬೇರೆ ಹೊತ್ತಿನಲ್ಲಿ ಕ್ಷಣ ಸುಮ್ಮನಿರದ ಕೂಸು ಅವರ ತೊಡೆಗೆ ಒರಗಿಕೊಂಡು ಕಣ್ಣು ಬಿಟ್ಟು ನೋಡುತ್ತಿತ್ತು. ಕೊನೆಗೆ ವಿಭೂತಿಗೆ ಕೈ ಹಾಕಿ ಮುಖಕ್ಕೆಲ್ಲ ಬಳಿದುಕೊಳ್ಳುತ್ತಿತ್ತು. ಅವಸರದಲ್ಲಿ ಡಬ್ಬಿ ಕಟ್ಟುತ್ತಿದ್ದ ನಾವು ಅದನ್ನು ನೋಡಲು ಎರಡು ನಿಮಿಷ ನಿಲ್ಲುತ್ತಿದ್ದೆವು. ಆ ನಾಲ್ಕು ತಿಂಗಳಲ್ಲಿ ಬಸ್ಸು ತಪ್ಪಿದ್ದೂ ಹೆಚ್ಚು.

ಕಚೇರಿಯಲ್ಲಿ ತಾಯಿಯಾದವಳ ಕಷ್ಟ ಬೇರೆ. ಹಾಲನ್ನು ಹಿಂಡಿ ತೆಗೆದಿಡಲು ಅಲ್ಲಿ ಸ್ಥಳವಿರಲಿಲ್ಲ. ಹಳೆಯ ಕಡತಗಳ ಕೋಣೆಗೆ ಹೋಗಿ, ಚಿಲಕವಿಲ್ಲದ ಬಾಗಿಲಿಗೆ ಕುರ್ಚಿಯನ್ನು ಅಡ್ಡಲಾಗಿಟ್ಟು, ಧೂಳಿನ ನಡುವೆ ಇಪ್ಪತ್ತು ನಿಮಿಷ ಕುಳಿತಿರಬೇಕು. ಹೊರಗೆ ಯಾರೋ ಬಾಗಿಲು ತಳ್ಳುತ್ತಾರೆ; ‘ಇದ್ದೀನಿ’ ಎನ್ನಬೇಕು. ಏಕೆ ಇದ್ದೀನಿ ಎಂದು ಹೇಳುವಂತಿಲ್ಲ. ತೆಗೆದ ಹಾಲು ತಂಪಾದ ಕೋಣೆಯಲ್ಲಿಯೇ ನಾಲ್ಕು ಗಂಟೆ ಉಳಿದೀತು. ನಮ್ಮ ಭಾಗದ ಏಪ್ರಿಲ್ ಬಿಸಿಲಿನಲ್ಲಿ ಅಷ್ಟೂ ಇಲ್ಲ. ಆದ್ದರಿಂದ ಕಚೇರಿಯ ಶೀತಕಪೆಟ್ಟಿಗೆಯ ಮೂಲೆಯಲ್ಲಿ ಸ್ಟೀಲಿನ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಇಡುವ ರೂಢಿಯಾಯಿತು. ಒಂದು ದಿನ ಸಂಜೆ ನೋಡಿದರೆ ಡಬ್ಬಿ ಮೇಜಿನ ಮೇಲಿದೆ. ಯಾರದೋ ಹುಟ್ಟುಹಬ್ಬದ ಕೇಕು ಇಡಲು ಸ್ಥಳ ಸಾಲದೆ, ಮಧ್ಯಾಹ್ನವೇ ಅದನ್ನು ಹೊರಗೆ ತೆಗೆದಿಟ್ಟಿದ್ದರಂತೆ. ಇಟ್ಟವರಿಗೆ ಅದರಲ್ಲೇನಿದೆಯೆಂದು ತಿಳಿಯದು, ತಿಳಿಸಿದವರೂ ಯಾರಿಲ್ಲ. ಆಕೆ ಅದನ್ನು ಬಚ್ಚಲಿಗೆ ಸುರಿದು, ಡಬ್ಬಿ ತೊಳೆದು, ಕೇಕಿನ ತುಂಡೊಂದನ್ನು ತಿಂದು ಬಂದಳು. ಅಳು ಬಂದದ್ದು ಬಸ್ಸಿನಲ್ಲಿ, ನವನಗರ ದಾಟಿದ ಮೇಲೆ. ಲೋಟ ತುಂಬದಷ್ಟು ಹಾಲಿಗೆ ಅಷ್ಟು ಅಳುವುದೇಕೆ ಎಂದು ಪಕ್ಕದಲ್ಲಿ ಕುಳಿತ ಗಂಡ ಕೇಳಿದ. ಅದನ್ನು ಕೇಳಬಾರದಿತ್ತು.

ಆಗಸ್ಟಿನಲ್ಲಿ ಮುಂಗಾರಿನ ಹೆಸರು ಕೊಯ್ಲಿಗೆ ಬಂದಿತು. ಮಾವನವರ ಮಂಡಿನೋವೂ ಹೆಚ್ಚಾಯಿತು. ಅವ್ವ ಊರಿಗೆ ಹೊರಟು ನಿಂತರು. ತಡೆಯಲು ನಮಗೆ ಬಾಯಿ ಬರಲಿಲ್ಲ. ಒಂಬತ್ತು ತಿಂಗಳ ಕೂಸನ್ನು ಶಿಶುವಿಹಾರಕ್ಕೆ ಸೇರಿಸಿದೆವು. ಅದೇ ತಿಂಗಳು ದಡಾರ-ರುಬೆಲ್ಲಾ ಲಸಿಕೆ, ಅದಕ್ಕೊಂದು ರಜೆ. ಶಿಶುವಿಹಾರದ ಉಳಿದ ಮಕ್ಕಳ ನೆಗಡಿಯೆಲ್ಲ ಸರದಿಯಂತೆ ನಮ್ಮ ಮನೆಗೆ ಬಂದಿತು. ಅದಕ್ಕೆ ಇನ್ನಷ್ಟು ರಜೆ. ಆ ವರ್ಷದ ರಜೆಗಳ ಪಟ್ಟಿಯನ್ನು ಈಚೆಗೆ ತೆಗೆದು ನೋಡಿದೆವು. ಕೂಸಿಗಾಗಿ ಹಾಕಿದ ಹದಿನಾಲ್ಕು ದಿನಗಳಲ್ಲಿ ಹನ್ನೆರಡು ತಾಯಿಯವು. ಯಾರೂ ಹೀಗಿರಲೆಂದು ತೀರ್ಮಾನಿಸಿರಲಿಲ್ಲ. ಪ್ರತಿ ಸಲವೂ ಏನೋ ಒಂದು ಕಾರಣವಿತ್ತು, ಮತ್ತು ಪ್ರತಿ ಸಲವೂ ಆ ಕಾರಣ ನ್ಯಾಯವಾದದ್ದೇ ಆಗಿತ್ತು.

ಆ ಶ್ರಾವಣದಲ್ಲಿ ಒಂದು ಸಂಜೆ ಪ್ರವಚನಕ್ಕೆ ಹೋಗಿದ್ದೆವು. ಶರಣರ ದಾಂಪತ್ಯ ಅಂದಿನ ವಿಷಯ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನು ಅವನನ್ನು ತಿದ್ದಿ, ಹೆಚ್ಚಿನದನ್ನು ಹಿಂದಿರುಗಿಸಲು ಕಳಿಸಿದ ಪ್ರಸಂಗವನ್ನು ಪ್ರವಚನಕಾರರು ಬಹು ಸೊಗಸಾಗಿ ಬಣ್ಣಿಸುತ್ತಿದ್ದರು. ಕೂಸು ಅಳಲಾರಂಭಿಸಿತು. ತಾಯಿ ಎತ್ತಿಕೊಂಡು ಹೊರಗೆ ಹೋದಳು. ಮುಕ್ಕಾಲು ಗಂಟೆಯ ನಂತರ, ಮಂಗಳವಾಗಿ ಪ್ರಸಾದ ಹಂಚುವಾಗ, ತಂದೆಯಾದವನು ತೃಪ್ತನಾಗಿ ಹೊರಬಂದು ನೋಡಿದರೆ, ಜಗುಲಿಯ ಮೇಲೆ ಸಾಲಾಗಿ ನಿಂತವರು ಏಳೆಂಟು ತಾಯಂದಿರು. ಎಲ್ಲರ ಹೆಗಲ ಮೇಲೂ ಒಂದೊಂದು ಕೂಸು. ಒಬ್ಬರೂ ಲಕ್ಕಮ್ಮನ ಕಥೆ ಕೇಳಿರಲಿಲ್ಲ. ‘ಭಾಳ ಚಲೋ ಹೇಳಿದರು’ ಎಂದು ಆತ ಅಂದ. ‘ಹೌದೇನು?’ ಎಂದು ಆಕೆ ಕೇಳಿದಳು. ದಾರಿಯುದ್ದಕ್ಕೂ ಬೇರೆ ಮಾತು ನಡೆಯಲಿಲ್ಲ.

ಇನ್ನು ಈ ಬರಹಕ್ಕೆ ಕಾರಣವಾದ ಸಂಗತಿಗೆ ಬರೋಣ. ಮುಂದಿನ ಮಾರ್ಚ್ ತಿಂಗಳ ಕೊನೆಯ ವಾರ. ಲೆಕ್ಕಪತ್ರ ವಿಭಾಗದವರಿಗೆ ಆ ವಾರ ಉಸಿರಾಡಲೂ ಸಮಯವಿರುವುದಿಲ್ಲ. ಲೆಕ್ಕ ಪರಿಶೋಧಕರ ಮುಂದೆ ಕುಳಿತವರೆಲ್ಲ ಮೊಬೈಲುಗಳನ್ನು ಮೇಜಿನ ಖಾನೆಯಲ್ಲಿ ಇಟ್ಟು ಒಳಗೆ ಹೋಗಬೇಕೆಂದು ಹೇಳಿದ್ದರು. ತಂದೆಯಾದವನು ಅಂದು ಕಚೇರಿಯ ಕೆಲಸದ ಮೇಲೆ ಧಾರವಾಡದಲ್ಲಿಯೇ ಇದ್ದ. ಆತ ಕಾಗದಪತ್ರ ಹಿಡಿದು ಸರದಿಯಲ್ಲಿ ಕುಳಿತಿದ್ದ ಕಟ್ಟಡದಿಂದ ಶಿಶುವಿಹಾರಕ್ಕೆ ಐದು ನಿಮಿಷದ ನಡಿಗೆ. ಹನ್ನೊಂದೂವರೆಗೆ ಕೂಸಿಗೆ ಜ್ವರ ಬಂದಿತು. ಶಿಶುವಿಹಾರದವರು ತಾಯಿಗೆ ಕರೆ ಮಾಡಿದರು. ಉತ್ತರವಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದರು. ಹೀಗೆ ಆರು ಸಲ. ಎರಡು ಗಂಟೆಗೆ ಆಕೆ ಊಟಕ್ಕೆಂದು ಹೊರಬಂದು ಖಾನೆ ತೆರೆದಾಗ ಜ್ವರ ೧೦೨ ಡಿಗ್ರಿ ದಾಟಿತ್ತು. ಆಕೆ ಹುಬ್ಬಳ್ಳಿಯಿಂದ ಆತನಿಗೆ ಫೋನು ಮಾಡಿದಳು. ಆತ ಐದು ನಿಮಿಷದಲ್ಲಿ ಅಲ್ಲಿದ್ದ.

ಭಗವಂತನ ದಯೆ, ಅದು ಸಾಮಾನ್ಯ ಜ್ವರ. ಎರಡು ದಿನಗಳಲ್ಲಿ ಇಳಿಯಿತು. ಶಿಶುವಿಹಾರದ ತಾಯಿ ಸುಮ್ಮನೆ ಕುಳಿತಿರಲಿಲ್ಲ. ಒದ್ದೆ ಬಟ್ಟೆ ಹಾಕುತ್ತ, ನೀರು ಕುಡಿಸುತ್ತ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಆದರೂ ತಂದೆಯಾದವನಿಗೆ ಸಿಟ್ಟು ಬಂದಿತು. ‘ಅರ್ಜಿಯಲ್ಲಿ ಎರಡು ಸಂಖ್ಯೆ ಬರೆದಿದ್ದೇವೆ. ಎರಡನೆಯದಕ್ಕೆ ಒಮ್ಮೆಯೂ ಏಕೆ ಮಾಡಲಿಲ್ಲ?’ ಎಂದು ಕೇಳಿದ. ಆ ತಾಯಿ ಹೆದರಲೂ ಇಲ್ಲ, ವಾದಿಸಲೂ ಇಲ್ಲ. ‘ಅಪ್ಪಗಳಿಗೆ ಮಾಡಿದರ “ಅಕಿಗೇ ಹೇಳ್ರಿ” ಅಂತಾರರೀ. ಸಪ್ಟೆಂಬರದಾಗ ಒಮ್ಮೆ ನಿಮಗೂ ಮಾಡಿದ್ದೆ. ನೀವೂ ಹಂಗ ಅಂದಿದ್ರಿ’ ಎಂದರು.

ಆತನಿಗೆ ನೆನಪಿರಲಿಲ್ಲ. ಆಮೇಲೆ ನೆನಪಾಯಿತು. ಯಾವುದೋ ಸಭೆ ನಡೆಯುತ್ತಿತ್ತು. ಹಾಲಿನ ಪುಡಿ ಮುಗಿದಿದೆಯೆಂದೋ ಏನೋ ಕರೆ. ‘ಅವಳಿಗೇ ಹೇಳಿ’ ಎಂದು ಎರಡು ಶಬ್ದ ಹೇಳಿ ಇಟ್ಟಿದ್ದ. ಎರಡು ಸೆಕೆಂಡಿನ ಮಾತು. ಅದನ್ನು ಆಡಿದವನು ಮರೆತಿದ್ದ. ಕೇಳಿದವರು ಆರು ತಿಂಗಳ ಕಾಲ ಅದರಂತೆ ನಡೆದಿದ್ದರು.

ಅಂದು ರಾತ್ರಿ ಕೂಸಿನ ಹಣೆಯ ಮೇಲೆ ಬಟ್ಟೆ ಬದಲಿಸುತ್ತ ನಾವು ಬಹಳ ಹೊತ್ತು ಮಾತಾಡಿದೆವು. ಅಷ್ಟು ದಿನ ಇಬ್ಬರೂ ‘ನಾವು ದುಡಿಯುತ್ತೇವೆ, ನಾವು ಕೂಸನ್ನು ನೋಡಿಕೊಳ್ಳುತ್ತೇವೆ’ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆವು. ಅದು ಸುಳ್ಳಲ್ಲ. ಆತ ಪಾತ್ರೆ ತೊಳೆಯುತ್ತಾನೆ, ರಾತ್ರಿ ಎದ್ದು ಕೂಸನ್ನು ತೂಗುತ್ತಾನೆ, ಶೀ ತೊಳೆಯಲು ಹೇಸುವುದಿಲ್ಲ. ಅಷ್ಟಕ್ಕೇ ನೆರೆಹೊರೆಯವರು ಆತನನ್ನು ಹೊಗಳುತ್ತಾರೆ. ಆಕೆಯನ್ನು ಯಾರೂ ಹೊಗಳಿದ್ದು ನೆನಪಿಲ್ಲ. ಆದರೆ ಹಾಲಿನ ಪುಡಿ ಎಷ್ಟು ಉಳಿದಿದೆ, ಮುಂದಿನ ಲಸಿಕೆ ಎಂದು, ಯಾವ ಚಡ್ಡಿ ಬಿಗಿಯಾಗಿದೆ, ಶಿಶುವಿಹಾರದ ಹಣ ಕಟ್ಟುವ ದಿನ ಯಾವುದು ಎಂಬುದೆಲ್ಲ ಒಂದೇ ತಲೆಯಲ್ಲಿತ್ತು. ಹೇಳಿದರೆ ಮಾಡುವವನು ಒಬ್ಬ. ನೆನಪಿಟ್ಟು ಹೇಳುವವಳು ಒಬ್ಬಳು. ಹೇಳುವುದೂ ಒಂದು ದುಡಿಮೆಯೆಂದು ಆತನಿಗೆ ತೋರಿರಲಿಲ್ಲ. ಹೇಳದಿದ್ದರೆ ಆಗುವುದಿಲ್ಲವೆಂದು ಆಕೆಯೂ ಪರೀಕ್ಷಿಸಿ ನೋಡಿರಲಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಅದು ಹೊರಗಿನ ಕಾಯಕಗಳ ಮಾತೆಂದು ತಿಳಿದಿದ್ದೆವೇನೋ.

ಮರುವಾರ ಶಿಶುವಿಹಾರದ ಅರ್ಜಿಯನ್ನು ಕೇಳಿ ಪಡೆದು, ಸಂಖ್ಯೆಗಳನ್ನು ಹಿಂದುಮುಂದು ಮಾಡಿದೆವು. ಮೊದಲನೆಯದು ತಂದೆಯದು. ‘ಖರೇನ ಎತ್ತತೀರೇನ್ರಿ?’ ಎಂದು ಆ ತಾಯಿ ನಕ್ಕರು. ಮೊದಲಿನ ಒಂದು ತಿಂಗಳು ಅವರಿಗೆ ರೂಢಿಯಾಗಲಿಲ್ಲ, ತಾಯಿಗೇ ಮಾಡುತ್ತಿದ್ದರು. ಆಕೆ, ‘ಅವರಿಗೆ ಹೇಳಿ’ ಎನ್ನುತ್ತಿದ್ದಳು. ಹೇಳಿದ ಮೇಲೆ ತಡೆಯಲಾಗದೆ, ಹತ್ತು ನಿಮಿಷ ಬಿಟ್ಟು ತಾನೇ ಫೋನು ಮಾಡಿ ವಿಚಾರಿಸುತ್ತಿದ್ದಳು. ಬಿಟ್ಟುಕೊಡುವುದೂ ಸುಲಭವಲ್ಲ.

ತಂದೆಯಾದವನ ಕಚೇರಿಯಲ್ಲಿ ಇದು ಕೆಲವು ದಿನ ವಿನೋದದ ವಸ್ತುವಾಯಿತು. ‘ಮನೆಯಲ್ಲಿ ಹೆಣ್ಣುಮಕ್ಕಳು ಇಲ್ಲವೇನಪ್ಪ?’ ಎಂದು ಹಿರಿಯರೊಬ್ಬರು ಕೇಳಿದರು. ಇದ್ದಾರೆ, ಅವರೂ ಕಚೇರಿಯಲ್ಲಿದ್ದಾರೆ ಎಂದು ಆತ ಹೇಳಿದ. ಕೂಸಿನ ಕಾರಣಕ್ಕೆ ಅರ್ಧ ದಿನದ ರಜೆ ಕೇಳುವಾಗ ಗಂಟಲು ಒಣಗುವ ಅನುಭವ ಆತನಿಗೆ ಆಗಲೇ ಮೊದಲು. ‘ನಿತ್ಯ ನನಗೆ ಹೀಗೇ ಆಗುತ್ತಿತ್ತು’ ಎಂದು ಆಕೆ ಹೇಳಿದ್ದು ಸಮಾಧಾನಕ್ಕೋ ಸೇಡಿಗೋ ತಿಳಿಯದು. ಈ ವಾಕ್ಯವನ್ನು ತೆಗೆದುಹಾಕಬೇಕೆಂದು ನಮ್ಮಲ್ಲಿ ಒಬ್ಬರ ಅಭಿಪ್ರಾಯ, ಇರಲೆಂದು ಇನ್ನೊಬ್ಬರದು.

ಕಷ್ಟಗಳೇನೂ ಮುಗಿದಿಲ್ಲ. ಮಳೆಗಾಲದ ಸಂಜೆ ದಾರಿಯಲ್ಲಿ ಮರ ಬಿದ್ದು ಬಸ್ಸುಗಳು ನಿಂತರೆ, ಆರೂವರೆಗೆ ಮುಚ್ಚುವ ಶಿಶುವಿಹಾರದ ಹೊಸ್ತಿಲಲ್ಲಿ ಕೂಸೊಂದೇ ಚೀಲ ಹಿಡಿದು ಕುಳಿತಿರುತ್ತದೆ. ತಡವಾದ ಪ್ರತಿ ಅರ್ಧ ಗಂಟೆಗೂ ಹೆಚ್ಚಿನ ಹಣ. ಹಣ ಹೋಗಲಿ, ‘ಎಲ್ಲಾರ ಅಪ್ಪ ಅವ್ವ ಬಂದ್ರು’ ಎಂದು ಅದು ಹೇಳುವ ಮಾತಿಗೆ ಎಷ್ಟು ಕಟ್ಟುವುದು? ಕಡತಗಳ ಕೋಣೆಯ ಬಾಗಿಲಿಗೆ ಮಾತ್ರ ಈಗ ಚಿಲಕ ಬಂದಿದೆ. ನಮ್ಮಲ್ಲಿ ತಾಯಿಯಾದವಳಿಗೆ ಇನ್ನು ಅದರ ಅಗತ್ಯವಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ಇನ್ನೊಬ್ಬ ಹುಡುಗಿಯ ಪರವಾಗಿ ಕೇಳಿ ಹಾಕಿಸಿದಳು. ಬಾಯಿ ಬಿಟ್ಟು ಕೇಳಿದ ಮೇಲೆ ಎರಡೇ ದಿನಗಳಲ್ಲಿ ಹಾಕಿದರು.

ಮೊನ್ನೆ ತಂದೆಯಾದವನ ಕಚೇರಿಯಲ್ಲಿ ಮೇಲಧಿಕಾರಿಗಳ ಪರಿಶೀಲನಾ ಸಭೆ. ಹನ್ನೊಂದು ಗಂಟೆಗೆ ಫೋನು ಗುಂಯ್‌ಗುಟ್ಟಿತು. ಮೇಜಿನ ಸುತ್ತಲಿದ್ದವರೆಲ್ಲ ಆತನತ್ತ ನೋಡಿದರು. ಆತ ಕ್ಷಮೆ ಕೇಳಿ ಎದ್ದು, ಎದೆ ಹೊಡೆದುಕೊಳ್ಳುತ್ತ ಹೊರಗೆ ಹೋದ. ‘ಏನೂ ಆಗಿಲ್ರೀ, ಗಾಬರಿ ಆಗಬ್ಯಾಡ್ರಿ. ಚಡ್ಡಿ ಎಲ್ಲಾ ಮುಗದಾವ. ನಾಳೆ ಬರೋವಾಗ ನಾಲ್ಕು ಹೆಚ್ಚಿಗೆ ತರ್ರಿ’ ಎಂದರು ಆ ತಾಯಿ. ಆತ ಒಳಗೆ ಬಂದು, ಸಭೆಯ ಟಿಪ್ಪಣಿಯ ಅಂಚಿನಲ್ಲಿ ‘೪ ಚಡ್ಡಿ’ ಎಂದು ಬರೆದುಕೊಂಡು ಕುಳಿತ.

ಮರುದಿನ ನಾವು ಒಯ್ದದ್ದು ಮೂರು. ನಾಲ್ಕನೆಯದು ಇನ್ನೂ ಒಣಗಿರಲಿಲ್ಲ.